ಕೂಗಬೇಡಿ, ಸುಮ್ನೆ ಕೂತ್ಕೊಳ್ಳಿ

ದೀಪಾವಳಿಯ ರಾತ್ರಿ ನಾನು ಫೋನ್ ಸೈಲೆಂಟ್ ಮಾಡುವುದಿಲ್ಲ. ಆರು ವರ್ಷದಿಂದ ಹೀಗೇ. ಸಂಜೆ ದೀಪ ಹಚ್ಚಿ, ಬೇಗ ಊಟ ಮುಗಿಸಿ, ಟಾರ್ಚು ಚಾರ್ಜಿಗೆ ಹಾಕಿ ಕೂತಿರುತ್ತೇನೆ. ಎಂಟು ಗಂಟೆಯ ಮೇಲೆ ಪಟಾಕಿ ಜೋರಾಗುತ್ತದೆ. ಒಂಬತ್ತರೊಳಗೆ ಮೊದಲ ಫೋನ್ ಬಂದೇ ಬರುತ್ತದೆ. "ಮೇಡಂ, ನಮ್ಮ ನಾಯಿ ಗೇಟು ಹಾರಿ ಓಡಿಹೋಯ್ತು."

ಫೋನ್ ಮಾಡಿದವರು ಅಳು ತಡೆದುಕೊಂಡೇ ಮಾತಾಡುತ್ತಾರೆ. ಒಂದು ನಾಯಿಗೋಸ್ಕರ ಇಷ್ಟು ಅತ್ತರೆ ಕೇಳಿದವರು ಏನಂದುಕೊಳ್ಳುತ್ತಾರೋ ಅನ್ನೋ ಸಂಕೋಚ ದನಿಯಲ್ಲೇ ಗೊತ್ತಾಗುತ್ತದೆ. ನಾನು ಮೊದಲು ಹೇಳುವುದು, ಅಳಿ, ಪರವಾಗಿಲ್ಲ ಅಂತ. ಆಮೇಲೆ ಕೇಳುತ್ತೇನೆ, ಯಾವ ಕಡೆ ಓಡಿತು?

ನಮ್ಮದು ಸಂಘ ಸಂಸ್ಥೆಯೇನಲ್ಲ. ಒಂದು ವಾಟ್ಸಾಪ್ ಗುಂಪು, ಅಷ್ಟೇ. ಬೆಂಗಳೂರಿನ ಬನಶಂಕರಿ, ಕತ್ರಿಗುಪ್ಪೆ, ಗಿರಿನಗರದ ಕಡೆಯ ಹದಿನಾಲ್ಕು ಜನ ಇದ್ದೇವೆ. ಒಬ್ಬರು ಆಟೋ ಓಡಿಸುತ್ತಾರೆ. ಇಬ್ಬರು ಇಂಜಿನಿಯರಿಂಗ್ ಓದುವ ಹುಡುಗರು. ಒಬ್ಬರು ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದಾರೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಕಳೆದುಹೋದ ನಾಯಿ, ಬೆಕ್ಕುಗಳನ್ನು ಮನೆಯವರ ಜೊತೆ ಸೇರಿ ಹುಡುಕುತ್ತೇವೆ. ಕೆಲವು ಸಿಗುತ್ತವೆ. ಕೆಲವು ಸಿಗುವುದಿಲ್ಲ.

ಇವತ್ತು ಬರೆಯಬೇಕು ಅನ್ನಿಸಿದ್ದು ಸುಬ್ಬಿಯ ಬಗ್ಗೆ.

2023ರ ನವೆಂಬರ್ 12, ಭಾನುವಾರ. ಆ ವರ್ಷ ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಲಕ್ಷ್ಮೀಪೂಜೆ ಎರಡೂ ಒಂದೇ ದಿನ ಬಂದಿದ್ದವು. ಕತ್ರಿಗುಪ್ಪೆಯ ನಿವೃತ್ತ ಮೇಷ್ಟ್ರೊಬ್ಬರ ಮನೆ. ಅರಿಶಿನ ಕುಂಕುಮಕ್ಕೆ ಬಂದವರು ಹೊರಡುವ ಹೊತ್ತು, ಗೇಟು ತೆಗೆದೇ ಇತ್ತು. ಬೀದಿಯಲ್ಲಿ ಯಾರೋ ಸರಪಟಾಕಿ ಹಚ್ಚಿದರು. ಎಂಟು ವರ್ಷದ ಸುಬ್ಬಿ ಮಂಚದ ಕೆಳಗಿಂದ ಎದ್ದು, ಬಂದವರ ಕಾಲುಗಳ ನಡುವೆ ನುಗ್ಗಿ, ಹೊರಗೆ ಓಡಿದಳು. ಹಬ್ಬ ಅಂತ ಬೆಳಿಗ್ಗೆ ಅವಳಿಗೂ ಸ್ನಾನ ಮಾಡಿಸಿ, ಕಾಲರ್ ಬಿಚ್ಚಿ ತಂತಿಯ ಮೇಲೆ ಒಣಹಾಕಿದ್ದರು. ಅದು ಅಲ್ಲೇ ಇತ್ತು.

ನಾಯಿಗಳು ಯಾಕೆ ಇಷ್ಟು ಹೆದರುತ್ತವೆ ಅಂತ ಕೇಳುವವರಿದ್ದಾರೆ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ನಮಗೆ ಸಣ್ಣ ಅನ್ನಿಸುವ ಸದ್ದೂ ಅದಕ್ಕೆ ಎಷ್ಟೋ ದೂರದಿಂದ ಮುಟ್ಟುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ಅಂದರೆ, ಇದು ಹಬ್ಬ, ಇನ್ನೆರಡು ದಿನಕ್ಕೆ ಮುಗಿಯುತ್ತದೆ ಅಂತ ಅದಕ್ಕೆ ಹೇಳುವವರು ಯಾರೂ ಇಲ್ಲ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಹೊಡೆಯಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಗಳಲ್ಲಿ ಆ ಗಡಿಯಾರ ನಡೆದಿದ್ದನ್ನು ನಾನಂತೂ ನೋಡಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಮೇಷ್ಟ್ರು ಮನೆಯಲ್ಲಿರಲಿಲ್ಲ. ರಾತ್ರಿಯೆಲ್ಲ "ಸುಬ್ಬೀ, ಸುಬ್ಬೀ" ಅಂತ ಕೂಗುತ್ತಾ ತಿರುಗಿದ್ದರು. ಬೆಳಗಾದ ಮೇಲೆ ಮತ್ತೆ ಹೋಗಿದ್ದರು. ಎಪ್ಪತ್ತೆರಡು ವರ್ಷ, ಮಂಡಿನೋವು ಬೇರೆ. ಅವರ ಹೆಂಡತಿ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಬಾಗಿಲಲ್ಲಿ ಹಿಂದಿನ ದಿನದ ರಂಗೋಲಿ ಹಾಗೇ ಇತ್ತು. "ನಾನು ಗುಡಿಸಿಲ್ಲ ಕಣಮ್ಮಾ. ಅವಳ ಹೆಜ್ಜೆ ಬಿದ್ದಿದೆ ನೋಡು" ಅಂದರು. ನೋಡಿದೆ. ಬಿಳಿ ಪುಡಿಯ ಮೇಲೆ ಎರಡು ಹೆಜ್ಜೆ ಗುರುತು. ಮೂತಿ ಗೇಟಿನ ಕಡೆಗೆ, ಅಲ್ಲಿಂದ ಎಡಕ್ಕೆ.

ನಾವು ಮೊದಲು ಮಾಡುವ ಕೆಲಸ ಪೋಸ್ಟರ್. ಒಂದೇ ಫೋಟೋ, ದೊಡ್ಡದಾಗಿ. ಓಡಿಹೋದ ಜಾಗ, ದಿನ, ಫೋನ್ ನಂಬರ್. ಕನ್ನಡ, ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲದರಲ್ಲೂ ಒಂದೊಂದು ಸಾಲು. ಕೆಳಗೆ ದಪ್ಪ ಅಕ್ಷರದಲ್ಲಿ: "ಕೂಗಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಫೋಟೋ ತೆಗೆದು ಫೋನ್ ಮಾಡಿ." ಕರೆಂಟ್ ಕಂಬಕ್ಕೋ ಗೋಡೆಗೋ ಅಂಟಿಸುವುದಿಲ್ಲ. ಸಾರ್ವಜನಿಕ ಜಾಗ ಅಂದಗೆಡಿಸಬಾರದು ಅಂತ 1981ರ ಕಾಯ್ದೆಯೇ ಇದೆ. ಅದಕ್ಕಿಂತ ಅಂಗಡಿಯವರನ್ನು ಕೇಳಿಕೊಂಡು ಒಳಗೆ ನೇತುಹಾಕುವುದೇ ವಾಸಿ. ಕಂಬದ ಮೇಲಿದ್ದರೆ ಯಾರೂ ನಿಂತು ನೋಡುವುದಿಲ್ಲ. ಟೀ ಅಂಗಡಿಯಲ್ಲಿ ಟೀ ಕುಡಿಯುವಷ್ಟು ಹೊತ್ತು ಅದನ್ನೇ ನೋಡುತ್ತಾರೆ.

ಪೋಸ್ಟರಿನಲ್ಲಿ ಒಂದು ವಿಷಯ ಮಾತ್ರ ಬೇಕಂತಲೇ ಬರೆಯುವುದಿಲ್ಲ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುರುತು. ಸುಬ್ಬಿಗೆ ನಾಲಿಗೆಯ ಮೇಲೆ ನಾಣ್ಯದಷ್ಟು ಕಪ್ಪು ಮಚ್ಚೆ ಇತ್ತು. ಅದನ್ನು ಮುಚ್ಚಿಟ್ಟೆವು. ಮೂರನೇ ದಿನ ಒಬ್ಬ ಫೋನ್ ಮಾಡಿ, "ನಿಮ್ಮ ನಾಯಿ ನಮ್ಮ ಹತ್ರ ಇದೆ, ಗಾಡಿ ಖರ್ಚಿಗೆ ಐದು ಸಾವಿರ ಹಾಕಿ, ತಂದು ಬಿಡ್ತೀನಿ" ಅಂದ. ಮೇಷ್ಟ್ರು ಫೋನ್ ಹಿಡಿದುಕೊಂಡೇ ಎದ್ದು ನಿಂತುಬಿಟ್ಟಿದ್ದರು. ಪಾಸ್‌ಬುಕ್ ಹುಡುಕುತ್ತಿದ್ದರು. ನಾನು ಫೋನ್ ಇಸ್ಕೊಂಡು, ಅದರ ಬಾಯಿ ತೆಗೆದು ನಾಲಿಗೆ ಹೇಗಿದೆ ಹೇಳಿ ಅಂದೆ. ಲೈನ್ ಕಟ್ಟಾಯಿತು. ಮೇಷ್ಟ್ರು ಕುರ್ಚಿಯಲ್ಲಿ ಕೂತವರು ಅರ್ಧ ಗಂಟೆ ಮಾತೇ ಆಡಲಿಲ್ಲ. ಕಷ್ಟದಲ್ಲಿರುವವರಿಂದ ಹೀಗೆ ದುಡ್ಡು ಕೀಳುವವರನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಇನ್ನೊಂದು ತೊಡಕಿತ್ತು. ಸುಬ್ಬಿ ನಾಟಿ ನಾಯಿ. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿರುತ್ತದೆ, ಬಲಗಾಲಿನ ಪಾದ ಬೆಳ್ಳಗೆ. ಲ್ಯಾಬ್ರಡಾರೋ ಪಗ್ಗೋ ರಸ್ತೆಯಲ್ಲಿ ಒಂಟಿಯಾಗಿ ಕಂಡರೆ ಜನ ನಿಲ್ಲುತ್ತಾರೆ. ಯಾರ ಮನೆಯದೋ ಪಾಪ ಅಂತ ನೀರು ಕೊಡುತ್ತಾರೆ. ಕಾಲರ್ ಇಲ್ಲದ ಕಂದು ನಾಯಿಯನ್ನು ಯಾರೂ ಕಳೆದುಹೋದ ನಾಯಿ ಅಂದುಕೊಳ್ಳುವುದಿಲ್ಲ. ಬೀದಿನಾಯಿ ಅಂದುಕೊಂಡು ಮುಂದೆ ಹೋಗುತ್ತಾರೆ. ಬೀದಿನಾಯಿಗಳಿಗೆ ಮಾತ್ರ ಇದು ತಮ್ಮದಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಒಂದು ಬೀದಿಯವು ಅಟ್ಟಿದರೆ ಮುಂದಿನ ಬೀದಿಗೆ, ಅಲ್ಲಿಯವು ಅಟ್ಟಿದರೆ ಅದರಾಚೆಗೆ. ಸಾಕಿದ ನಾಯಿ ಈ ಊರಿನಲ್ಲಿ ದೂರ ಹೋಗುವುದು ತಾನಾಗಿ ಅಲ್ಲ, ಹೀಗೆ ತಳ್ಳಿಸಿಕೊಂಡು. ಕೊನೆಗೆ ಯಾವ ನಾಯಿಯದೂ ಅಲ್ಲದ ಜಾಗದಲ್ಲಿ ಹೋಗಿ ನಿಲ್ಲುತ್ತದೆ. ಖಾಲಿ ಸೈಟು, ರಾಜಕಾಲುವೆಯ ಅಂಚು, ಕೆರೆಯ ಪಕ್ಕ, ಕಟ್ಟುತ್ತಿರುವ ಬಿಲ್ಡಿಂಗು.

"ನಾಯಿ ಅಲ್ವಾ, ತಾನೇ ದಾರಿ ಹುಡುಕ್ಕೊಂಡು ಬರತ್ತೆ ಬಿಡಿ" ಅಂತ ಅಕ್ಕಪಕ್ಕದವರು ಸಮಾಧಾನ ಹೇಳುತ್ತಾರೆ. ಬಂದ ನಾಯಿಗಳೂ ಇವೆ. ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯ 'ಮಹಾರಾಜ' ಅನ್ನುವ ನಾಯಿ 2024ರಲ್ಲಿ ಪಂಢರಪುರದ ವಾರಿ ಪಾದಯಾತ್ರೆಗೆ ಹೋದ ಯಜಮಾನನ ಹಿಂದೆ ನಡೆದು ಹೋಯಿತು. ಜಾತ್ರೆಯ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿತು. ಅವರು ಹುಡುಕಿ ಹುಡುಕಿ ಸಿಗದೆ ಊರಿಗೆ ವಾಪಸಾದರು. ಆಮೇಲೆ ಅದು ಸುಮಾರು 250 ಕಿಲೋಮೀಟರ್ ದಾರಿ ಕ್ರಮಿಸಿ ಒಂಟಿಯಾಗಿ ಮನೆಬಾಗಿಲಿಗೆ ಬಂತು. ಊರವರು ಹಾರ ಹಾಕಿ ಊಟ ಹಾಕಿಸಿದರು. ಪೇಪರಿನಲ್ಲಿ ಓದಿದಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ಆದರೆ ಮಹಾರಾಜ ಹೆದರಿ ಓಡಿದ್ದಲ್ಲ. ಬಯಲಿನ ದಾರಿಯಲ್ಲಿ ವಾಸನೆ ಹಿಡಿದುಕೊಂಡು ನಡೆದದ್ದು. ಬೆಂಗಳೂರಿನಲ್ಲಿ ಪಟಾಕಿಗೆ ದಿಕ್ಕೆಟ್ಟು ಓಡಿದ ನಾಯಿಗೆ ಬಂದ ದಾರಿಯೇ ನೆನಪಿರುವುದಿಲ್ಲ. ತಾನೇ ಬರತ್ತೆ ಅಂತ ಕೂತರೆ ಮೊದಲ ಎರಡು ದಿನ ಸುಮ್ನೆ ಕಳೆದುಹೋಗುತ್ತದೆ. ಆ ಎರಡು ದಿನ ಬಹಳ ಮುಖ್ಯ.

ಬೆಕ್ಕಿನ ಲೆಕ್ಕ ಬೇರೆ. ಬೆಕ್ಕು ಓಡುವುದಕ್ಕಿಂತ ಜಾಸ್ತಿ ಅಡಗುತ್ತದೆ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು 500 ಮೀಟರ್ ಒಳಗೇ ಇದ್ದವು. ನಮ್ಮ ಅನುಭವವೂ ಅದೇ. ಪಕ್ಕದ ಮನೆಯ ಸಂಪಿನ ಮೋಟರ್ ಹಿಂದೆ, ಮಹಡಿಯ ಮೇಲಿನ ಹಳೇ ಸಾಮಾನಿನ ಸಂದಿಯಲ್ಲಿ, ನಿಂತ ಕಾರಿನ ಕೆಳಗೆ. ಹಗಲು ಕರೆದರೆ ಉಸಿರೂ ಬಿಡುವುದಿಲ್ಲ. ರಾತ್ರಿ ಹನ್ನೆರಡರ ಮೇಲೆ ಟಾರ್ಚು ಹಿಡಿದು ಹೋದರೆ ಕತ್ತಲಲ್ಲಿ ಎರಡು ಕಣ್ಣು ಹೊಳೆಯುತ್ತವೆ.

ಸುಬ್ಬಿಯ ವಿಷಯಕ್ಕೆ ಬರುತ್ತೇನೆ. ಐದು ದಿನ ಸುಳಿವೇ ಇರಲಿಲ್ಲ. ಕ್ಯುಪಾದಂಥ ಆಶ್ರಯತಾಣಗಳಿಗೆ ಫೋಟೋ ಕಳಿಸಿದೆವು. ಹತ್ತಿರದ ಪಶುವೈದ್ಯರ ಕ್ಲಿನಿಕ್‌ಗಳಲ್ಲಿ ಕೇಳಿದೆವು. ಮೈಕ್ರೋಚಿಪ್ ಇದೆಯಾ ಅಂತ ಎಲ್ಲ ಕಡೆಯೂ ಕೇಳಿದರು. ಇರಲಿಲ್ಲ. ಅಕ್ಕಿಕಾಳಿನಷ್ಟು ದೊಡ್ಡದು ಅದು. ಭುಜದ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ನಾಯಿ ಎಲ್ಲಿದೆ ಅಂತ ಅದು ತೋರಿಸುತ್ತದೆ ಅಂದುಕೊಂಡವರೇ ಹೆಚ್ಚು. ತೋರಿಸುವುದಿಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರ್ ಹಿಡಿದರೆ 15 ಅಂಕಿಯ ಒಂದು ನಂಬರ್ ಬರುತ್ತದೆ. ಆ ನಂಬರಿನ ಜೊತೆ ನಿಮ್ಮ ಈಗಿನ ಫೋನ್ ನಂಬರ್ ನೋಂದಾಯಿಸಿದ್ದರೆ ಮಾತ್ರ ಉಪಯೋಗ. ಹಾಕಿಸಿ, ಒಳ್ಳೆಯದೇ. ಆದರೆ ಹುಡುಕುವುದಕ್ಕೆ ಕಣ್ಣುಗಳೇ ಬೇಕು.

ಆ ಕಣ್ಣುಗಳು ಯಾರವು ಅಂತ ನನಗೆ ನಿಧಾನವಾಗಿ ಅರ್ಥವಾಯಿತು. ಮೊದಮೊದಲು ನಾನು ಪೋಸ್ಟರ್ ಹಿಡಿದು ಮನೆಮನೆಯ ಬೆಲ್ ಒತ್ತುತ್ತಿದ್ದೆ. ಬಾಗಿಲು ತೆಗೆದವರು ಒಳ್ಳೆಯವರೇ, ಆದರೆ ಅವರು ಬೀದಿಯನ್ನು ನೋಡಿರುವುದಿಲ್ಲ. ಕಾರಿನಲ್ಲಿ ಹೋಗುತ್ತಾರೆ, ಕಾರಿನಲ್ಲಿ ಬರುತ್ತಾರೆ. ಬೀದಿಯನ್ನು ನೋಡುವವರು ಬೇರೆ. ಬೆಳಗಿನ ಜಾವ ಐದೂವರೆಗೆ ಗುಡಿಸುವ ಪೌರಕಾರ್ಮಿಕರು. ಪೇಪರ್ ಹಾಕುವ ಹುಡುಗರು. ನಂದಿನಿ ಬೂತಿನವರು. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗಳು, ಹೂವು ಮಾರುವವರು, ಮಾಂಸದಂಗಡಿಯವರು, ಬೀದಿನಾಯಿಗಳಿಗೆ ಅನ್ನ ಹಾಕುವವರು. ಅವರಿಗೆ ತಮ್ಮ ಬೀದಿಯ ಪ್ರತಿ ನಾಯಿಯೂ ಗೊತ್ತು. ಹೊಸದು ಬಂದರೆ ಆವತ್ತೇ ಗೊತ್ತಾಗುತ್ತದೆ. ಯಾರಾದರೂ ಬಂದು ಕೇಳಬೇಕು, ಅಷ್ಟೇ. ಈಗ ನಾನು ಬೆಲ್ ಒತ್ತುವುದು ಬಿಟ್ಟಿದ್ದೇನೆ. ಬೆಳಿಗ್ಗೆ ಐದಕ್ಕೇ ಎದ್ದು ಅವರ ಹತ್ತಿರ ಹೋಗುತ್ತೇನೆ.

ಆರನೇ ದಿನ ಒಬ್ಬ ಪೌರಕಾರ್ಮಿಕ ಅಕ್ಕ ಪೋಸ್ಟರನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ಈ ಕಾಲು ಬಿಳಿ ಇರೋದಾ? ಹೊಸಕೆರೆಹಳ್ಳಿ ಕೆರೆ ಕಡೆ ಹೋಗೋ ರೋಡಲ್ಲಿ ನೋಡ್ದೆ. ಮೂರು ದಿನ ಆಯ್ತು. ಗೋಡೆ ಪಕ್ಕಾನೇ ಹೋಗ್ತಿತ್ತು, ನಡುರೋಡಿಗೆ ಬರ್ತಿರ್ಲಿಲ್ಲ" ಅಂದರು. ಮನೆಯ ನಾಯಿ ಹೆದರಿದಾಗ ನಡೆಯುವುದು ಹಾಗೇ. ನನಗೆ ಆಗಲೇ ಅನ್ನಿಸಿತು, ಇದು ಸುಬ್ಬಿ.

ಅಲ್ಲಿಂದ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಬೂತಿನವರು ವಾಚ್‌ಮನ್ ಕಡೆ, ವಾಚ್‌ಮನ್ ಒಂದು ಹೊಸ ಕಟ್ಟಡದ ಕಡೆ. ಆ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳಿದ್ದವು. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರ ಮನೆಗಳು. ಒಬ್ಬ ಹೆಣ್ಣುಮಗಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪೋಸ್ಟರ್ ತೋರಿಸಿದೆ. ನೋಡಿದವಳೇ, "ಹೌದ್ರೀ, ಇದೇ ನೋಡ್ರಿ. ದಿನಾ ರಾತ್ರಿ ಬರ್ತದ. ರೊಟ್ಟಿ ಇಟ್ಟು ನಾ ಒಳಗ ಹೋದ ಮ್ಯಾಲೇ ತಿಂತದ. ಕೈ ಮಾಡಿ ಕರದ್ರ ಓಡಿ ಹೋಗ್ತದ. ಭಾಳ ಅಂಜ್ಯಾದ್ರೀ ಅದು" ಅಂದಳು. ಆಮೇಲೆ ಕೇಳಿದಳು, "ಅದಕ್ಕ ಮನಿ ಅದ ಏನ್ರೀ?"

ಅವಳ ಮನೆ ಮುನ್ನೂರು ಮೈಲಿ ದೂರ. ಇಲ್ಲಿರುವುದು ನಾಲ್ಕು ತಗಡು. ಅಂಥದ್ದರಲ್ಲಿ ದಿನಕ್ಕೊಂದು ರೊಟ್ಟಿ ತೆಗೆದಿಟ್ಟಿದ್ದಾಳೆ, ಅದೂ ತಾನು ನಿಂತರೆ ಅದು ತಿನ್ನುವುದಿಲ್ಲ ಅಂತ ಗೊತ್ತುಮಾಡಿಕೊಂಡು ಒಳಗೆ ಹೋಗಿದ್ದಾಳೆ. ನಾಯಿ ಹುಡುಕುವ ವಿದ್ಯೆ ಅಂತ ನಾವು ಏನೇನು ಕಲಿತಿದ್ದೇವೋ ಅದರಲ್ಲಿ ಮುಖ್ಯವಾದದ್ದು ಅವಳಿಗೆ ಮೊದಲೇ ಗೊತ್ತಿತ್ತು.

ಅದೇನು ಅಂದರೆ, ಹೆದರಿದ ನಾಯಿಯನ್ನು ಕೂಗಬಾರದು. ಬೆನ್ನಟ್ಟಬಾರದು. ಕಣ್ಣಲ್ಲಿ ಕಣ್ಣಿಟ್ಟು ನೋಡಲೂಬಾರದು. ಅದಕ್ಕೆ ಆಗ ಯಾರ ದನಿಯಾದರೂ ಒಂದೇ, ಯಜಮಾನರ ದನಿಯಾದರೂ. ಕೂಗಿದಷ್ಟೂ ಓಡುತ್ತದೆ. ಮನೆಯವರಿಗೆ ಇದನ್ನು ಒಪ್ಪಿಸುವುದೇ ನಮ್ಮ ಕೆಲಸದಲ್ಲಿ ಕಷ್ಟದ್ದು. ಎಂಟು ವರ್ಷ ಸಾಕಿದ್ದೀನಿ, ನನ್ನ ದನಿ ಗೊತ್ತಾಗಲ್ವಾ ಅಂತ ಮೇಷ್ಟ್ರು ನನ್ನ ಮೇಲೆ ರೇಗಿದರು. ಎರಡು ರಾತ್ರಿ ಅವರೇ ಹೋಗಿ ಕೂಗಿದರು. ಎರಡು ರಾತ್ರಿಯೂ ಸುಬ್ಬಿ ಶೆಡ್ಡಿನ ಹತ್ತಿರ ಬರಲೇ ಇಲ್ಲ. ಮೂರನೇ ದಿನ ಅವರು ನನಗೆ ಫೋನ್ ಮಾಡಿ, "ಆಯ್ತಮ್ಮಾ, ನೀನು ಹೇಳಿದ ಹಾಗೇ ಆಗ್ಲಿ" ಅಂದರು. ಆ ಮಾತು ಆಡುವುದು ಅವರಿಗೆ ಎಷ್ಟು ಕಷ್ಟವಾಗಿತ್ತೋ.

ನವೆಂಬರ್ 22, ಬುಧವಾರ ರಾತ್ರಿ. ಹನ್ನೊಂದನೇ ದಿನ. ಮೇಷ್ಟ್ರನ್ನು ಆಟೋದಲ್ಲೇ ಕೂರಿಸಿದೆವು. ಅವರ ಹೆಂಡತಿಯನ್ನು ಮಾತ್ರ ಕರೆದುಕೊಂಡು ಹೋದೆ. ಮಲಗುವಾಗ ಹೊದೆಯುವ ಹಳೇ ಸೀರೆ ತನ್ನಿ ಅಂದಿದ್ದೆ. ಅವರು ಅದರ ಜೊತೆ ಒಂದು ಚೀಲವನ್ನೂ ತಂದಿದ್ದರು. ಏನಮ್ಮಾ ಅದು ಅಂದೆ. "ಅವರೆಕಾಯಿ. ಸುಮ್ನೆ ಕೂತ್ಕೋ ಅಂದ್ಯಲ್ಲ, ಕೈ ಸುಮ್ಮನಿರಲ್ಲ ನಂಗೆ. ಮನೇಲಿ ಸುಲಿಯೋವಾಗ ಪಕ್ಕದಲ್ಲೇ ಬಂದು ಕೂರ್ತಾಳೆ" ಅಂದರು.

ಮರಳಿನ ರಾಶಿಯ ಪಕ್ಕ ಸೀರೆ ಹಾಸಿಕೊಂಡು ಕೂತರು. ಶೆಡ್ಡಿನ ಹೆಣ್ಣುಮಗಳು ರೊಟ್ಟಿ ಇಟ್ಟು ಒಳಗೆ ಹೋದಳು. ನಾನೂ ಆ ಇಬ್ಬರು ಹುಡುಗರೂ ಇಟ್ಟಿಗೆ ಸಾಲಿನ ಹಿಂದೆ ಕೂತೆವು. ಮಾತಿಲ್ಲ. ಸಿಪ್ಪೆ ಬಿಡಿಸುವ ಸಣ್ಣ ಸದ್ದು, ಸ್ಟೀಲ್ ಪಾತ್ರೆಗೆ ಕಾಳು ಬೀಳುವ ಸದ್ದು. ಸೊಗಡು ಅವರೆಯ ವಾಸನೆ ನಾವು ಕೂತಲ್ಲಿಗೂ ಬರುತ್ತಿತ್ತು. ಒಂದು ಗಂಟೆ ಆಯಿತು. ಒಂದೂವರೆ ಆಯಿತು. ಸೊಳ್ಳೆ ಕಚ್ಚಿದರೂ ಕೈ ಎತ್ತುವ ಹಾಗಿಲ್ಲ.

ಕಬ್ಬಿಣದ ರಾಡುಗಳ ಆಚೆ ಏನೋ ಅಲ್ಲಾಡಿತು. ಬಂದಳು. ಅಷ್ಟು ಬಡವಾಗಿದ್ದಳು, ಪಕ್ಕೆಲುಬು ಎಣಿಸಬಹುದಿತ್ತು. ಹತ್ತಡಿ ದೂರದಲ್ಲಿ ನಿಂತು ನೋಡಿದಳು. ಗುರುತು ಸಿಗಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದಳು. ಅಮ್ಮ ತಲೆ ಎತ್ತಲಿಲ್ಲ. ಕಾಳು ಬಿಡಿಸುತ್ತಲೇ ಇದ್ದರು. ಅವರ ಕಣ್ಣಿನ ನೀರು ಮೊರದ ಮೇಲೆ ಬೀಳುವುದು ನನಗೆ ಕಾಣುತ್ತಿತ್ತು. ಕೈ ಮಾತ್ರ ನಿಲ್ಲಿಸಲಿಲ್ಲ. ಸುಬ್ಬಿ ಅರ್ಧ ಸುತ್ತು ಹಾಕಿ ಗಾಳಿ ಬೀಸುವ ದಿಕ್ಕಿಗೆ ಬಂದಳು. ಮೂಗು ಮೇಲೆತ್ತಿದಳು. ಮೂಗಿನ ತುದಿ ಅದುರಿತು. ಎರಡು ಸಲ, ಮೂರು ಸಲ. ಆಮೇಲೆ ಅವಳ ಇಡೀ ಮೈ ಬದಲಾಯಿತು. ಅದನ್ನು ನಾನು ಹೇಗೆ ಹೇಳಲಿ. ಹನ್ನೊಂದು ದಿನ ಬಿಗಿದುಕೊಂಡಿದ್ದ ಬೆನ್ನು ಸಡಿಲವಾಯಿತು, ಮಡಚಿದ ಕಿವಿ ಇನ್ನೂ ಕೆಳಗಿಳಿಯಿತು, ಗಂಟಲಿನಿಂದ ಅಳುವಿನಂಥ ಒಂದು ಸದ್ದು ಬಂತು. ಹೊಟ್ಟೆ ನೆಲಕ್ಕೆ ಸವರಿಕೊಂಡು ತೆವಳುತ್ತಾ ಬಂದು ಸೀರೆಯ ಮೇಲೆ ತಲೆ ಇಟ್ಟಳು.

"ಬಂದ್ಯಾ" ಅಂದರು ಅಮ್ಮ. ಅಷ್ಟೇ. ಎಡಗೈ ಅವಳ ತಲೆಯ ಮೇಲೆ ಇಟ್ಟರು. ಹುಡುಗರಲ್ಲಿ ಒಬ್ಬ ಬಾಯಿ ಮುಚ್ಚಿಕೊಂಡು ಅಳುತ್ತಿದ್ದ.

ಎಲ್ಲ ಕತೆಯೂ ಹೀಗೆ ಮುಗಿಯುವುದಿಲ್ಲ. ಸುಬ್ಬಿ ಓಡಿದ ರಾತ್ರಿಯೇ ಗಿರಿನಗರದಿಂದ ಓಡಿದ ಇನ್ನೊಂದು ನಾಯಿ ಇವತ್ತಿಗೂ ಸಿಕ್ಕಿಲ್ಲ. ಆ ಮನೆಯ ಹುಡುಗಿ ಆಗ ಎಂಟನೇ ಕ್ಲಾಸು. ಪ್ರತಿ ತಿಂಗಳೂ ನನಗೆ ಒಂದು ಮೆಸೇಜ್ ಹಾಕುತ್ತಿದ್ದಳು, "ಏನಾದ್ರೂ ಗೊತ್ತಾಯ್ತಾ ಆಂಟಿ?" ಇನ್ನು ಹುಡುಕುವುದು ಬೇಡ ಅಂತ ನಾನು ಯಾವತ್ತೂ ಯಾರಿಗೂ ಹೇಳುವುದಿಲ್ಲ. ಅದು ಮನೆಯವರೇ ತೀರ್ಮಾನ ಮಾಡಬೇಕಾದ್ದು. ಕೆಲವರು ತಿಂಗಳಿಗೆ ಬಿಡುತ್ತಾರೆ, ಕೆಲವರು ವರ್ಷವಾದರೂ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಾರೆ, ಎಲ್ಲಾದರೂ ಕಂಡೀತು ಅಂತ.

ಇನ್ನೊಂದು ನೋವು ಇದೆ. ಎಷ್ಟೋ ಸಲ ಕಾಲರ್ ಹಾಕಿದ ನಾಯಿ ನಮಗೇ ಸಿಗುತ್ತದೆ. ಫೋಟೋ ಹಾಕಿ, ಎಲ್ಲ ಗುಂಪುಗಳಿಗೂ ಕಳಿಸಿ ಕಾಯುತ್ತೇವೆ. ಯಾರೂ ಬರುವುದಿಲ್ಲ. ವಯಸ್ಸಾದ ನಾಯಿ, ಕಣ್ಣಿಗೆ ಪೊರೆ ಬಂದದ್ದು, ಹೊಟ್ಟೆಯಲ್ಲಿ ಗಡ್ಡೆ ಇರುವುದು. ಅವು ಕಳೆದುಹೋದವಲ್ಲ, ಬಿಟ್ಟುಹೋದವು. ಪ್ರಾಣಿಯನ್ನು ಹಸಿವು ನೀರಡಿಕೆಗೆ ದೂಡಿ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಆ ನಾಯಿಗಳು ಪ್ರತಿ ಸಲ ಗೇಟಿನ ಸದ್ದಾದಾಗಲೂ ತಲೆ ಎತ್ತುತ್ತವೆ. ಅದನ್ನು ನೋಡುವುದು ನನಗೆ ಆಗುವುದಿಲ್ಲ. ಆದರೂ ನೋಡುತ್ತೇನೆ, ಯಾರಾದರೂ ಪಕ್ಕದಲ್ಲಿ ಕೂತಿರಬೇಕಲ್ಲ.

ನಾಯಿ ಸಿಕ್ಕ ಮೇಲೆ ಪೋಸ್ಟರ್ ತೆಗೆಯುವುದೂ ನಮ್ಮದೇ ಕೆಲಸ. ತೆಗೆಯದಿದ್ದರೆ ಮುಂದಿನ ಪೋಸ್ಟರನ್ನು ಯಾರೂ ನಂಬುವುದಿಲ್ಲ. ಸುಬ್ಬಿಯವು ನಲವತ್ತು ಹಾಕಿದ್ದೆವು. ಭಾನುವಾರ ಮೇಷ್ಟ್ರೂ ಬಂದರು. ಹೋದಲ್ಲೆಲ್ಲ ಕೈಮುಗಿದು, "ಸಿಕ್ಕಳು, ಸಿಕ್ಕಳು" ಅಂತ ಹೇಳುತ್ತಾ ಒಂದೊಂದೇ ತೆಗೆದರು. ಆ ಪೌರಕಾರ್ಮಿಕ ಅಕ್ಕನಿಗೆ ಕೊಡಲು ಸಿಹಿ ಡಬ್ಬಿ ತಂದಿದ್ದರು. ಶೆಡ್ಡಿನ ಹೆಣ್ಣುಮಗಳಿಗೆ ಅಮ್ಮ ಒಂದು ಸೀರೆ ಕೊಟ್ಟು ಕಳಿಸಿದ್ದರು. ಅವಳು ಸೀರೆ ತೆಗೆದುಕೊಂಡು, "ಈಗ ಹೊಟ್ಟಿ ತುಂಬ ತಿಂತದ ಏನ್ರೀ?" ಅಂತ ಕೇಳಿದಳು. ಫೋಟೋ ತೋರಿಸಿದೆ. ಮಂಚದ ಮೇಲೆ ಮಲಗಿತ್ತು.

ಕೊನೆಯ ಪೋಸ್ಟರ್ ಕೆರೆಯ ಕಡೆ ತಿರುಗುವಲ್ಲಿನ ಟೀ ಅಂಗಡಿಯಲ್ಲಿತ್ತು. ತೆಗೆಯಲು ಹೋದರೆ ಅಂಗಡಿಯವರು ಬೇಡ ಅಂದರು. "ಇರ್ಲಿ ಬಿಡಿ ಮೇಷ್ಟ್ರೇ. ಹತ್ತು ದಿನದಿಂದ ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣ ಇದರ ಮುಖಾನೇ ನೋಡ್ತಿದೀನಿ. ಬಂದೋರೆಲ್ಲ ಸಿಕ್ತಾ ಸಿಕ್ತಾ ಅಂತ ಕೇಳ್ತಾರೆ." ಲೆಕ್ಕ ಬರೆಯುವ ಪುಸ್ತಕದ ಜೊತೆ ಕಟ್ಟಿದ್ದ ಸ್ಕೆಚ್ ಪೆನ್ ಬಿಚ್ಚಿ, ಸುಬ್ಬಿಯ ಮುಖ ಬಿಟ್ಟು ಅದರ ಕೆಳಗೆ, ಅಕ್ಷರಕ್ಕೆ ಎರಡೆರಡು ಸಲ ಗೀಚಿ ದಪ್ಪ ಮಾಡಿ ಬರೆದರು: ಸಿಕ್ಕಿದೆ.